ಎಣ್ಣೆ ಇಳಿಯುವುದು ತಣ್ಣೀರಿನ ಬಕೆಟ್ಟಿನಲ್ಲಿ

ಮನೆಯಲ್ಲಿ ಸುಗಂಧ ತೈಲ ತೆಗೆಯಬೇಕೆಂದು ಹೊರಟವರು ಮೊದಲು ಕೇಳುವುದು ಪಾತ್ರೆಯ ಬಗ್ಗೆ. ಎಷ್ಟು ಲೀಟರಿನದು, ತಾಮ್ರವೋ ಸ್ಟೀಲೋ, ಎಲ್ಲಿ ಸಿಗುತ್ತದೆ? ನಾನು ಪುಣೆಯ ಭೋಸರಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಫಿಟ್ಟರ್ ಆಗಿ ಪೈಪು, ವಾಲ್ವುಗಳ ನಡುವೆ ಕೆಲಸ ಮಾಡಿದವನು. ನಿವೃತ್ತನಾದ ಮೇಲೆ ನಾಲ್ಕು ವರ್ಷಗಳಿಂದ ನಿಗಡಿಯ ನಮ್ಮ ಮನೆಯ ಹಿಂದಿನ ಬಾಲ್ಕನಿಯಲ್ಲಿ ಎಣ್ಣೆ ಭಟ್ಟಿ ಇಳಿಸುತ್ತಿದ್ದೇನೆ. ಕೇಳಿದವರಿಗೆಲ್ಲ ನಾನು ಹೇಳುವುದು ಇದನ್ನೇ: ದುಡ್ಡನ್ನೂ ಗಮನವನ್ನೂ ಪಾತ್ರೆಗಿಂತ ಹೆಚ್ಚಾಗಿ ಆವಿ ತಣಿಯುವ ಸುರುಳಿಗೆ ಕೊಡಿ. ನೀರು ಕುದಿಸುವ ಕೆಲಸವನ್ನು ಅನ್ನದ ತಪ್ಪಲೆಯೂ ಮಾಡುತ್ತದೆ. ಕೈಗೆ ಬಂದ ಎಣ್ಣೆಯನ್ನು ಉಳಿಸುವುದೋ ಕಳೆಯುವುದೋ ಎಂಬುದು ಆ ಸುರುಳಿ ಮುಳುಗಿರುವ ತಣ್ಣೀರಿನ ಬಕೆಟ್ಟಿನೊಳಗೆ ತೀರ್ಮಾನವಾಗುತ್ತದೆ.

ಕಲಿಯುವುದಕ್ಕೆ ಮಜ್ಜಿಗೆ ಹುಲ್ಲಿನಷ್ಟು (ಲೆಮನ್ ಗ್ರಾಸ್) ಒಳ್ಳೆಯ ಗುರು ಇನ್ನೊಂದಿಲ್ಲ. ಪುಣೆಯವರಿಗೆ ಅದು ಗವತಿ ಚಹಾ. ತರಕಾರಿ ಮಾರುಕಟ್ಟೆಯಾದ ಮಂಡಈಯಲ್ಲಿ ಕೊತ್ತಂಬರಿ, ಪುದೀನದ ಪಕ್ಕದಲ್ಲೇ ಸಿವುಡು ಕಟ್ಟಿ ಇಟ್ಟಿರುತ್ತಾರೆ. ಇದರ ವಾಸನೆಗೆ ಮುಖ್ಯ ಕಾರಣ ಸಿಟ್ರಾಲ್ ಎಂಬ ವಸ್ತು. ಅದೊಂದನ್ನೇ ಕುದಿಸಬೇಕಾದರೆ ಸುಮಾರು 229 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಅಷ್ಟರಲ್ಲಿ ಹುಲ್ಲು ಕರಕಲಾಗಿರುತ್ತದೆ. ಆದರೆ ನೀರಿನಲ್ಲಿ ಬೆರೆಯದ ಎಣ್ಣೆ ನೀರಿನ ಜತೆ ಕಾದಾಗ ಎರಡರ ಆವಿಯ ಒತ್ತಡವೂ ಕೂಡಿಕೊಳ್ಳುತ್ತದೆ. ಆ ಮೊತ್ತ ಹೊರಗಿನ ಗಾಳಿಯ ಒತ್ತಡಕ್ಕೆ ಸಮವಾದರೆ ಸಾಕು, ಎರಡೂ ಒಟ್ಟಿಗೆ ಮೇಲೇಳುತ್ತವೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 98 ಡಿಗ್ರಿಯ ಹತ್ತಿರ ಕುದಿಯುತ್ತದೆ. ನಮ್ಮ ಎಣ್ಣೆ ಅದಕ್ಕಿಂತ ತುಸು ಕೆಳಗಿನ ಕಾವಿನಲ್ಲೇ ಹೊರಟುಬಿಡುತ್ತದೆ. ಆದ್ದರಿಂದ ಒಲೆಯನ್ನು ಜೋರು ಮಾಡಿದರೆ ಎಣ್ಣೆ ಹೆಚ್ಚುವುದಿಲ್ಲ, ಸುರುಳಿಗೆ ತಾಳಲಾರದಷ್ಟು ಆವಿ ಹೆಚ್ಚುತ್ತದೆ.

ಹಲವರು ಮನೆಯ ಪ್ರೆಶರ್ ಕುಕ್ಕರಿನಿಂದ ಶುರು ಮಾಡುತ್ತಾರೆ. ನಾನೂ ಹಾಗೆಯೇ ಮಾಡಿದೆ. ಸೀಟಿ ತೆಗೆದು, ಆ ನಳಿಗೆಗೆ ರಬ್ಬರ್ ಪೈಪು ಸಿಕ್ಕಿಸಿದ್ದೆ. ಅರ್ಧ ತಾಸಿನಲ್ಲಿ ಹುಲ್ಲಿನ ಚೂರೊಂದು ಮೇಲೆದ್ದು ನಳಿಗೆಯ ಬಾಯಿಗೆ ಅಂಟಿಕೊಂಡಿತು. ಹನಿ ನಿಂತದ್ದು ನನ್ನ ಗಮನಕ್ಕೆ ಬರುವಷ್ಟರಲ್ಲಿ ಸೇಫ್ಟಿ ವಾಲ್ವ್ ಹಾರಿ, ಕುದಿಯುವ ನೀರೂ ಹುಲ್ಲೂ ಚಾವಣಿಯವರೆಗೆ ಸಿಡಿದವು. ಹೆಂಡತಿ ಆಗಷ್ಟೇ ಹಾಲು ಇಳಿಸಿಕೊಂಡು ಹೊರಗೆ ಹೋಗಿದ್ದಳು. ಅದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ಅಂದಿನಿಂದ ಎರಡು ಮಾತುಗಳಿಗೆ ಕಟ್ಟುಬಿದ್ದಿದ್ದೇನೆ. ಪಾತ್ರೆಯಿಂದ ಸೀಸೆಯವರೆಗೆ ದಾರಿ ಸದಾ ತೆರೆದಿರಬೇಕು, ನಡುವೆ ಎಲ್ಲಿಯೂ ನಲ್ಲಿ ಕೂರಿಸಬಾರದು. ಆವಿ ಹೋಗುವ ದಾರಿಯಲ್ಲಿ ರಬ್ಬರ್, ಪಿವಿಸಿ ಇರಲೇಬಾರದು. ಎಣ್ಣೆ ಅವುಗಳನ್ನು ಮೆದುಮಾಡುತ್ತದೆ, ಅವುಗಳ ವಾಸನೆಯನ್ನು ತಾನು ಹೊತ್ತು ತರುತ್ತದೆ.

ಈಗಿರುವ ಪಾತ್ರೆಯನ್ನು ಕಸಬಾ ಪೇಠದ ತಾಂಬಟ್ ಆಳಿಯಲ್ಲಿ ಮಾಡಿಸಿದೆ. ಪೇಶ್ವೆಗಳ ಕಾಲದಿಂದಲೂ ತಾಮ್ರ ಬಡಿಯುವವರ ಓಣಿ ಅದು. ಒಳಗೆ ಕಾಲಿಟ್ಟರೆ ಸುತ್ತಿಗೆಯ ಸದ್ದೇ ದಾರಿ ತೋರಿಸುತ್ತದೆ. ಕಾಗದದ ಮೇಲೆ ನಾನು ಬರೆದು ಒಯ್ದ ಚಿತ್ರದಲ್ಲಿ ಮುಚ್ಚಳ ಚಪ್ಪಟೆಯಾಗಿತ್ತು. ತಾಂಬಟರ ಹುಡುಗ ಅದನ್ನು ನೋಡಿ, "ಕಾಕಾ, ಮುಚ್ಚಳ ಗುಮ್ಮಟದ ಹಾಗಿರಲಿ. ಚಪ್ಪಟೆ ಇದ್ದರೆ ಆವಿ ಅಲ್ಲೇ ನೀರಾಗಿ ಹುಲ್ಲಿನ ಮೇಲೆ ತೊಟ್ಟಿಕ್ಕುತ್ತದೆ" ಎಂದ. ಅವನ ಮಾತು ಸರಿ. ಗುಮ್ಮಟದ ಇಳಿಜಾರಿನಲ್ಲಿ ಹನಿಗಳು ಅಂಚಿಗೆ ಜಾರುತ್ತವೆ, ಆವಿ ನೇರವಾಗಿ ಕೊಳವೆಗೆ ಏರುತ್ತದೆ. ಪಾತ್ರೆ 12 ಲೀಟರಿನದು; ಕೈ ಒಳಗೆ ಹೋಗಿ ಉಜ್ಜುವಷ್ಟು ಅಗಲವಾದ ಬಾಯಿ, ಮುಚ್ಚಳದ ನೆತ್ತಿಯಿಂದ ಮುಕ್ಕಾಲು ಇಂಚಿನ ಕೊಳವೆ. ಒಳಗೆ ಕಲಾಯಿ ಹಾಕಿಸಿದ್ದೇನೆ. ಕಲಾಯಿಯ ತವರ 232 ಡಿಗ್ರಿಗೆ ಕರಗುವುದರಿಂದ ಪಾತ್ರೆಯ ನೀರು ಬತ್ತಿ ತಳ ಒಣಗಲು ಬಿಡುವಂತಿಲ್ಲ. ದಪ್ಪ ತಳದ ಸ್ಟೀಲ್ ಪಾತ್ರೆಯೂ ನಡೆಯುತ್ತದೆ. ಇಂಡಕ್ಷನ್ ಒಲೆಯವರು ತಾಮ್ರಕ್ಕೆ ಹೋಗಬೇಡಿ, ಅದರ ಮೇಲೆ ತಾಮ್ರ ಕಾಯುವುದಿಲ್ಲ.

ಇನ್ನು ಸುರುಳಿ. ಎಸಿ, ಫ್ರಿಜ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಅರ್ಧ ಇಂಚಿನ ಮೆದು ತಾಮ್ರದ ಪೈಪು ಸಿಗುತ್ತದೆ. ಮೂರು ಮೀಟರ್ ತನ್ನಿ. ಹಾಗೆಯೇ ಬಗ್ಗಿಸಿದರೆ ಮಡಿಕೆ ಬಿದ್ದು ಮುಚ್ಚಿಹೋಗುತ್ತದೆ. ಒಂದು ತುದಿಗೆ ಬಿರಡೆ ಹಾಕಿ, ಚೆನ್ನಾಗಿ ಒಣಗಿದ ಸಣ್ಣ ಮರಳನ್ನು ತುಂಬಿ, ತುಂಬುವಾಗ ಪೈಪನ್ನು ಮರದ ತುಂಡಿನಿಂದ ತಟ್ಟುತ್ತಾ ಗಾಳಿ ಉಳಿಯದಂತೆ ಮಾಡಿ, ಇನ್ನೊಂದು ತುದಿಯನ್ನೂ ಮುಚ್ಚಿ. ನಂತರ ಖಾಲಿ ಪೇಂಟಿನ ಡಬ್ಬಿಗೆ ಸುತ್ತುತ್ತಾ ಬನ್ನಿ. ಒಂದು ಗೇಣಿನಷ್ಟು ಅಗಲದ ಡಬ್ಬಿಯಾದರೆ ನಾಲ್ಕೂವರೆ ಸುತ್ತು ಬರುತ್ತದೆ. ಮರಳನ್ನು ಸುರಿದು, ನಲ್ಲಿಯ ನೀರಿನಿಂದ ಹತ್ತು ಸಲವಾದರೂ ತೊಳೆಯಿರಿ. ಆಮೇಲೆ ಒಂದು ಪರೀಕ್ಷೆ ಇದೆ, ದಯವಿಟ್ಟು ಇದನ್ನು ಬಿಡಬೇಡಿ. ಸುರುಳಿಯನ್ನು ಬಕೆಟ್ಟಿನಲ್ಲಿ ನಿಲ್ಲಿಸಿ ಮೇಲಿನಿಂದ ಅಳತೆ ಮಾಡಿದ 100 ಮಿಲಿಲೀಟರ್ ನೀರು ಹಾಕಿ. ಕೆಳಗೆ ಹೆಚ್ಚುಕಡಿಮೆ ಅಷ್ಟೂ ಬರಬೇಕು. ಬರದಿದ್ದರೆ ಯಾವುದೋ ಸುತ್ತು ಜೋತುಬಿದ್ದಿದೆ. ಅಲ್ಲಿ ನೀರು ನಿಂತು ಗುಳುಗುಳು ಎನ್ನುತ್ತದೆ, ಎಣ್ಣೆ ಅಲ್ಲೇ ಕೂರುತ್ತದೆ. ಪ್ರತಿ ಸುತ್ತೂ ತನ್ನ ಮೇಲಿನದಕ್ಕಿಂತ ಕೆಳಗಿರುವಂತೆ ಕೈಯಿಂದಲೇ ಎಳೆದು ಸರಿಪಡಿಸಿ.

ಬಕೆಟ್ಟಿನ ತಳದಲ್ಲಿ ತೂತು ಕೊರೆದು, ಮನೆಯ ಮೇಲಿನ ನೀರಿನ ಟ್ಯಾಂಕಿಗೆ ಬಳಸುವಂಥ ಟ್ಯಾಂಕ್ ನಿಪ್ಪಲ್ ಕೂರಿಸಿ, ಸುರುಳಿಯ ಬಾಲವನ್ನು ಅದರೊಳಗಿಂದ ಹೊರಗೆ ತಂದು, ಸಂದನ್ನು ಸೋರದಂತೆ ಮುಚ್ಚಿ. ಸುರುಳಿಯ ಮೇಲಿನ ಬಾಯಿ ಪಾತ್ರೆಯ ಮುಚ್ಚಳದ ಕೊಳವೆಗೆ ಸೇರುತ್ತದೆ. ತಣ್ಣೀರು ಬಕೆಟ್ಟಿನ ತಳಕ್ಕೆ ಬರಬೇಕು, ಬಿಸಿಯಾದದ್ದು ಮೇಲಿನಿಂದ ಹೊರಗೆ ಹೋಗಬೇಕು.

ಎಷ್ಟು ನೀರು ಬೇಕು ಎಂಬುದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಒಂದು ಲೀಟರ್ ನೀರಿನ ಆವಿ ಮತ್ತೆ ನೀರಾಗುವಾಗ ಸುಮಾರು 2,257 ಕಿಲೋಜೂಲ್ ಶಾಖ ಬಿಡುತ್ತದೆ. ಅದು ತಣ್ಣಗಾಗುವಾಗ ಇನ್ನೂ ಸ್ವಲ್ಪ. ಇಪ್ಪತ್ತು ಲೀಟರಿನ ಬಕೆಟ್ಟಿನಲ್ಲಿ ನಿಂತ ನೀರಿದ್ದರೆ, ಒಂದೇ ಲೀಟರ್ ಇಳಿಯುವಷ್ಟರಲ್ಲಿ ಅದು ಹತ್ತಿರಹತ್ತಿರ 30 ಡಿಗ್ರಿ ಏರಿಬಿಡುತ್ತದೆ. ನಾನು ನೂರು ಲೀಟರಿನ ಡ್ರಮ್ ಇಟ್ಟು, ಕೂಲರಿನ ಸಣ್ಣ ಪಂಪಿನಿಂದ ಆ ನೀರನ್ನೇ ಬಕೆಟ್ಟಿಗೆ ಹಾಯಿಸಿ ಮತ್ತೆ ಡ್ರಮ್ಮಿಗೆ ಬಿಡುತ್ತೇನೆ. ಎರಡು ಲೀಟರ್ ಇಳಿಯುವಾಗ ಡ್ರಮ್ ಸುಮಾರು ಹನ್ನೆರಡು ಡಿಗ್ರಿ ಬೆಚ್ಚಗಾಗಿರುತ್ತದೆ, ಅಷ್ಟೇ. ನಮ್ಮಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ. ಈ ನೀರಿನ ಒಂದು ಹನಿಯೂ ಚೆಲ್ಲುವುದಿಲ್ಲ. ಬಟ್ಟೆ ನೆನೆಸಲು, ಪಾತ್ರೆ ತೊಳೆಯಲು ಹೋಗುತ್ತದೆ.

ಕನೌಜಿನ ಅತ್ತರಿನವರು ದೇಗ್ ಎಂಬ ತಾಮ್ರದ ಹಂಡೆಯಿಂದ ಬಿದಿರಿನ ಕೊಳವೆಯ ಮೂಲಕ ಭಪಕಾ ಎಂಬ ಪಾತ್ರೆಗೆ ಆವಿಯನ್ನು ಒಯ್ಯುತ್ತಾರೆ. ಆ ಭಪಕಾ ಇರುವುದು ನೀರಿನ ತೊಟ್ಟಿಯಲ್ಲಿ. ನುರಿತ ಕೆಲಸಗಾರ ಕೈಯಿಟ್ಟು ಅದರ ಕಾವು ನೋಡುತ್ತಾನೆ. ನಮ್ಮ ಬಕೆಟ್ಟಿಗೂ ಅದೇ ಕೈ ಬೇಕು.

ಈಗ ಕೆಲಸಕ್ಕೆ ಇಳಿಯೋಣ. ಹುಲ್ಲನ್ನು ಇಬ್ಬನಿ ಆರಿದ ಮೇಲೆ ಕೊಯ್ದು ಒಂದು ದಿನ ನೆರಳಿನಲ್ಲಿ ಬಾಡಿಸಿದರೆ ಒಳ್ಳೆಯದು. ಮಳೆಗಾಲದ ಹುಲ್ಲಿನಲ್ಲಿ ನೀರು ಹೆಚ್ಚು, ಎಣ್ಣೆ ಕಡಿಮೆ. ಒಂದೂವರೆ ಕಿಲೋ ಹುಲ್ಲನ್ನು ಎರಡು ಬೆರಳಷ್ಟು ಉದ್ದಕ್ಕೆ ಕತ್ತರಿಸಿ. ಪಾತ್ರೆಗೆ ಮೂರೂವರೆ ಲೀಟರ್ ನೀರು ಹಾಕಿ, ನೀರಿಗೆ ತಾಗದಷ್ಟು ಎತ್ತರದ ಮೂರು ಕಾಲಿನ ತೂತಿನ ತಟ್ಟೆ ಇಟ್ಟು, ಅದರ ಮೇಲೆ ಹುಲ್ಲು ತುಂಬಿ. ಅದುಮಬೇಡಿ, ತೀರಾ ಸಡಿಲವೂ ಬೇಡ. ಸಡಿಲವಿದ್ದಲ್ಲಿ ಆವಿ ಒಂದೇ ದಾರಿ ಹಿಡಿದು ಉಳಿದ ಹುಲ್ಲನ್ನು ಮುಟ್ಟದೆ ಹೋಗುತ್ತದೆ. ಮೇಲೆ ನಾಲ್ಕು ಬೆರಳು ಜಾಗ ಬಿಡಿ.

ಮುಚ್ಚಳದ ಸಂದಿಗೆ ಗೋಧಿ ಹಿಟ್ಟಿನ ಕಣಕ ಮೆತ್ತಿ. ಜೀವನವಿಡೀ ಗ್ಯಾಸ್ಕೆಟ್ ಕತ್ತರಿಸಿದವನು ನಾನು, ಆದರೂ ಇಲ್ಲಿ ಕಣಕವನ್ನೇ ನಂಬುತ್ತೇನೆ. ಕಾವಿಗೆ ಅದು ಬೆಂದು ಗಟ್ಟಿಯಾಗಿ ಆವಿಯನ್ನು ತಡೆಯುತ್ತದೆ. ಎಲ್ಲಾದರೂ ದಾರಿ ಕಟ್ಟಿ ಒತ್ತಡ ಏರಿದರೆ ಪಾತ್ರೆಗಿಂತ ಮೊದಲು ತಾನು ಬಿರಿದು ಸುಯ್ಯೆಂದು ಹೇಳಿಬಿಡುತ್ತದೆ. ಇದಕ್ಕಾಗಿಯೇ ಮುಚ್ಚಳಕ್ಕೆ ಕ್ಲಾಂಪು ಬಿಗಿಯಬೇಡಿ, ಭಾರ ಹೇರಬೇಡಿ.

ಕುದಿ ಬರುವವರೆಗೆ ಉರಿ ಜೋರಾಗಿರಲಿ. ಕೊಳವೆಯ ನೆತ್ತಿ ಮುಟ್ಟಲಾಗದಷ್ಟು ಬಿಸಿಯಾದ ಕೂಡಲೇ ಉರಿ ತಗ್ಗಿಸಿ, ಪಂಪು ಹಾಕಿ. ಮೊದಲ ಹನಿಗಳು ಹಾಲಿನಂತೆ ಮಸುಕಾಗಿ ಬೀಳುತ್ತವೆ. 200 ಮಿಲಿಲೀಟರ್ ತುಂಬಲು ಹನ್ನೆರಡು ನಿಮಿಷ ಹಿಡಿಯುವಂತೆ ಉರಿಯನ್ನು ಹೊಂದಿಸಿಕೊಳ್ಳಿ. ಸುರುಳಿಯ ಬಾಲವನ್ನು ಆಗಾಗ ಮುಟ್ಟಿ ನೋಡಿ: ಮೈ ಬಿಸಿಗಿಂತ ಹೆಚ್ಚು ಬೆಚ್ಚಗಿದ್ದರೆ ಉರಿ ತಗ್ಗಿಸಬೇಕು ಅಥವಾ ನೀರು ಬದಲಿಸಬೇಕು. ಬಾಲ್ಕನಿಯೆಲ್ಲ ಘಮಘಮಿಸುತ್ತಿದೆ ಎಂದು ಹಿಗ್ಗುವವರನ್ನು ನೋಡಿದ್ದೇನೆ. ಆ ಘಮವೇ ನಿಮ್ಮ ಎಣ್ಣೆ. ಸೀಸೆಗೆ ಸೇರಬೇಕಾದದ್ದು ಗಾಳಿಗೆ ಹೋಗುತ್ತಿದೆ. ಭಟ್ಟಿ ಚೆನ್ನಾಗಿ ನಡೆಯುವಾಗ ಪಕ್ಕದಲ್ಲಿ ಕುಳಿತವರಿಗೂ ಹುಲ್ಲಿನ ಎಳೆ ವಾಸನೆ ಮಾತ್ರ ಬರುತ್ತದೆ.

ಹನಿಯನ್ನು ಹಿಡಿಯಲು ಪ್ರಯೋಗಾಲಯದ ಗಾಜಿನ ಸಾಮಾನಿನ ಅಂಗಡಿಯಿಂದ ಅರ್ಧ ಲೀಟರಿನ ಸೆಪರೇಟಿಂಗ್ ಫನೆಲ್ ತನ್ನಿ; ಎಣ್ಣೆ, ನೀರನ್ನು ಬೇರ್ಪಡಿಸಲು ಕೆಳಗೆ ನಲ್ಲಿಯಿರುವ ಗಾಜಿನ ಪಾತ್ರೆ ಅದು. ಒಲೆಯಿಂದ ನಾಲ್ಕು ಅಡಿಯಾದರೂ ದೂರವಿಡಿ, ಎಣ್ಣೆ ಬೆಂಕಿ ಹಿಡಿಯುವಂಥದ್ದು. ಮಜ್ಜಿಗೆ ಹುಲ್ಲಿನ ಎಣ್ಣೆ ನೀರಿಗಿಂತ ಹಗುರ. ಬೆಳಕಿಗೆ ಎದುರಾಗಿ ನೋಡಿದರೆ ಸಾಸಿವೆಗಿಂತ ಸಣ್ಣ ಹೊನ್ನಿನ ಬಣ್ಣದ ಹನಿಗಳು ಮಸುಕು ನೀರಿನೊಳಗಿಂದ ನಿಧಾನವಾಗಿ ಏರಿ, ಮೇಲೆ ಒಂದನ್ನೊಂದು ತಬ್ಬಿ ಬೆಳೆಯುವುದು ಕಾಣುತ್ತದೆ. ಫನೆಲ್ ತುಂಬುತ್ತಾ ಬಂದಾಗ ಕೆಳಗಿನ ನಲ್ಲಿ ತಿರುಗಿಸಿ ನೀರನ್ನಷ್ಟೇ ಬಿಡಿ. ಎರಡು ತಾಸಿಗೆ ಎರಡು ಲೀಟರ್ ಇಳಿದ ಮೇಲೆ ನಿಲ್ಲಿಸಿ. ಪಾತ್ರೆಯಲ್ಲಿ ಇನ್ನೂ ನೀರಿರುವಾಗಲೇ ಒಲೆ ಆರಿಸಬೇಕು. ಒಂದೂವರೆ ಕಿಲೋ ಹುಲ್ಲಿಗೆ ನನಗೆ ಸಿಗುವುದು ನಾಲ್ಕೈದು ಮಿಲಿಲೀಟರ್, ಅಂದರೆ ಒಂದು ಟೀ ಚಮಚ. ಮೊದಲ ಸಲ ಎರಡೇ ಬಂದರೂ ಬೇಸರಪಡಬೇಡಿ.

ಎಣ್ಣೆಯಲ್ಲಿ ಉಳಿದ ನೀರಿನ ಹನಿ ತೆಗೆಯಲು ಪುಟ್ಟ ಗಾಜಿನ ಸೀಸೆಯನ್ನು ಒಂದು ರಾತ್ರಿ ಫ್ರೀಜರಿನಲ್ಲಿಡಿ. ನೀರು ತಳದಲ್ಲಿ ಮಂಜಾಗಿ ಕೂರುತ್ತದೆ, ಎಣ್ಣೆಯನ್ನು ಬಗ್ಗಿಸಿಕೊಳ್ಳಬಹುದು. ಕಂದು ಬಣ್ಣದ ಸೀಸೆಗೆ ಕತ್ತಿನವರೆಗೆ ತುಂಬಿ ದಿನಾಂಕ ಬರೆಯಿರಿ. ಇಳಿದ ಪರಿಮಳದ ನೀರನ್ನು ಫ್ರಿಜ್‌ನಲ್ಲಿಟ್ಟು ಕೆಲವು ವಾರಗಳಲ್ಲಿ ಮುಗಿಸಿ. ನೆಲ ಒರೆಸುವ ನೀರಿಗೆ ನಮ್ಮ ಮನೆಯಲ್ಲಿ ಅದೇ.

ಗುಲಾಬಿಯಿಂದ ಮನೆಯಲ್ಲಿ ಎಣ್ಣೆ ಬರುವುದಿಲ್ಲ. ಒಂದು ಕಿಲೋ ಎಣ್ಣೆಗೆ ಮೂರು ನಾಲ್ಕು ಟನ್ ಎಸಳು ಬೇಕು. ಆದರೆ ಒಂದು ಕಿಲೋ ಎಸಳಿನಿಂದ ಒಳ್ಳೆಯ ಪನ್ನೀರು ಬರುತ್ತದೆ. ಔಷಧ ಹೊಡೆಯದ ಹೂವೇ ಆಗಬೇಕು. ಲವಂಗದಲ್ಲಿ ಎಣ್ಣೆ ಧಾರಾಳ, ಆದರೆ ಅದು ನೀರಿಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಹುಲ್ಲಿನ ಅಭ್ಯಾಸದಲ್ಲಿ ಕೆಳಗಿನ ನಲ್ಲಿ ತಿರುಗಿಸಿದರೆ ಎಣ್ಣೆಯನ್ನೇ ಚೆಲ್ಲುತ್ತೀರಿ. ಲಾವಂಚದ ಬೇರಿಗೆ ಹದಿನೆಂಟು ತಾಸಿಗೂ ಮೀರಿ ಕಾಯಬೇಕು. ಊರಿನ ನೆಂಟರು ಗಂಧದ ಬಗ್ಗೆ ಕೇಳುತ್ತಾರೆ. ಅದಕ್ಕೆ ದಿನಗಟ್ಟಲೆ ಆವಿ ಹಾಯಿಸಬೇಕು. 1917ರಲ್ಲಿ ಮೈಸೂರಿನಲ್ಲಿ ಅದಕ್ಕೆಂದೇ ಕಾರ್ಖಾನೆ ಎದ್ದದ್ದು ಸುಮ್ಮನೆ ಅಲ್ಲ.

ಅಪ್ಪಟ ಎಣ್ಣೆಯನ್ನು ಮೈಗೆ ಹಚ್ಚಬೇಡಿ, ಉರಿಯುತ್ತದೆ. 100 ಮಿಲಿಲೀಟರ್ ಕೊಬ್ಬರಿ ಎಣ್ಣೆಗೆ ಒಂದು ಮಿಲಿಲೀಟರ್ ಸಾಕು. ಕುಡಿಯುವುದಂತೂ ಬೇಡವೇ ಬೇಡ. ಮಕ್ಕಳ ಕೈಗೆ ಎಟುಕದಂತಿಡಿ. ನೀಲಗಿರಿ ಎಣ್ಣೆಯ ಕೆಲವೇ ಮಿಲಿಲೀಟರ್ ಹೊಟ್ಟೆಗೆ ಹೋದರೂ ಚಿಕ್ಕ ಮಗುವಿಗೆ ಅಪಾಯ.

ನೆರೆಹೊರೆಯವರಿಗೆ ಮುಂಚೆಯೇ ಹೇಳಿಡಿ. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಮದ್ಯ ತಯಾರಿಸುವ ಉದ್ದೇಶದಿಂದ ಇಂಥ ಉಪಕರಣ ಇಟ್ಟುಕೊಳ್ಳುವುದೂ ಅಪರಾಧ. ನಮ್ಮ ಸೊಸೈಟಿಯ ಹಿರಿಯರು ವಿಚಾರಿಸಲು ಬಂದಾಗ ನಾನು ಮುಚ್ಚಳ ತೆಗೆದು ಹುಲ್ಲು ತೋರಿಸಿದೆ, ಒಂದು ಸೀಸೆ ಪರಿಮಳದ ನೀರು ಕೊಟ್ಟೆ. ಹುಳಿಬಂದ ಯಾವುದೂ ಆ ಪಾತ್ರೆಯ ಹತ್ತಿರ ಸುಳಿಯಬಾರದು.

ಮುಗಿದ ಮೇಲೆ ಬೆಂದ ಹುಲ್ಲು ಗೊಬ್ಬರದ ಗುಂಡಿಗೆ. ಬರೀ ನೀರು ಹಾಕಿ ಕಾಲು ತಾಸು ಆವಿ ಹಾಯಿಸಿದರೆ ಸುರುಳಿಗೆ ಅಂಟಿದ ವಾಸನೆ ಹೋಗುತ್ತದೆ, ಇಲ್ಲದಿದ್ದರೆ ಮುಂದಿನ ಪನ್ನೀರಿನಲ್ಲಿ ಹುಲ್ಲು ನಾರುತ್ತದೆ. ಪಾತ್ರೆಯನ್ನು ಒರೆಸಿ ಬೋರಲು ಹಾಕಿ. ಸುರುಳಿಯನ್ನು ಊದಿ ಒಣಗಿಸಿ, ಎರಡೂ ಬಾಯಿಗೆ ಹಳೆಯ ಧೋತರದ ತುಂಡು ಕಟ್ಟಿ ಗೋಡೆಗೆ ನೇತುಹಾಕಿ. ಜಿರಳೆಗಳಿಗೆ ಆ ಕತ್ತಲ ದಾರಿ ಬಲು ಇಷ್ಟ.