ಕ್ಲೈಸ್ಟ್ರಾನ್ ಆಂದೋಲಕದ ನಾಯ್ಸ್ ತಗ್ಗಿಸುವ ಕ್ರಮ

ಮೈಕ್ರೋವೇವ್ ಅಲೆಗಳನ್ನು ಹುಟ್ಟಿಸುವ ನಿರ್ವಾತ ನಳಿಕೆಯಾದ ರಿಫ್ಲೆಕ್ಸ್ ಕ್ಲೈಸ್ಟ್ರಾನ್‌ನ ಸಂಕೇತವು, ಆವೃತ್ತಿಗಳನ್ನು ಬಿಡಿಸಿ ತೋರಿಸುವ ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ಚೂಪಾದ ಗೆರೆಯಾಗಿ ನಿಲ್ಲದೆ ಹರಡಿಕೊಂಡು ಕಂಡರೆ, ನಳಿಕೆ ಹಳತಾಗಿದೆ ಎಂದು ತೀರ್ಮಾನಿಸಲು ಅವಸರಪಡಬಾರದು. ನಾಯ್ಸ್ ಎಂದರೆ ಸಂಕೇತದಲ್ಲಿ ಸೇರಿಕೊಳ್ಳುವ ಬೇಡದ ಏರಿಳಿತ. ಎಲೆಕ್ಟ್ರಾನ್‌ಗಳು ಬಿಡಿಬಿಡಿಯಾಗಿ ಬರುವುದರಿಂದ ಧಾರೆಯಲ್ಲಿ ಹುಟ್ಟುವ ಶಾಟ್ ನಾಯ್ಸ್ ನಮ್ಮ ಕೈಯಲ್ಲಿಲ್ಲ. ಆದರೆ ಅದಕ್ಕಿಂತ ಎಷ್ಟೋ ದೊಡ್ಡದಾದ ನಾಯ್ಸ್ ಸಾಮಾನ್ಯವಾಗಿ ಹೊರಗಿನಿಂದಲೇ ಬಂದಿರುತ್ತದೆ.

ಮೊದಲು ರಿಪೆಲ್ಲರ್ (ಎಲೆಕ್ಟ್ರಾನ್‌ಗಳನ್ನು ಹಿಂದಕ್ಕೆ ತಳ್ಳುವ ಋಣ ವಿದ್ಯುದ್ವಾರ) ವೋಲ್ಟೇಜನ್ನು ಪರೀಕ್ಷಿಸಿ. 1 ವೋಲ್ಟ್ ಬದಲಾದರೆ ಆವೃತ್ತಿಯು 1 ಮೆಗಾಹರ್ಟ್ಸ್ ಸರಿಯುವ ನಳಿಕೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ರಿಪೆಲ್ಲರ್‌ನಲ್ಲಿ 100 ಹರ್ಟ್ಸ್‌ನ ರಿಪಲ್ (ಪವರ್ ಸಪ್ಲೈಯಿಂದ ಬರುವ ವೋಲ್ಟೇಜ್ ಏರಿಳಿತ) ಬರೀ 10 ಮೈಕ್ರೋವೋಲ್ಟ್ ಶಿಖರಮೌಲ್ಯದಷ್ಟಿದ್ದರೂ ಆವೃತ್ತಿ 10 ಹರ್ಟ್ಸ್ ಅತ್ತಿತ್ತ ತೂಗುತ್ತದೆ. ಮಾಡ್ಯುಲೇಶನ್ ಸೂಚ್ಯಂಕ (ಆವೃತ್ತಿಯ ತೂಗಾಟವನ್ನು ರಿಪಲ್‌ನ ಆವೃತ್ತಿಯಿಂದ ಭಾಗಿಸಿದ್ದು) 0.1 ಆಗಿ, ಪಕ್ಕದ ಗೆರೆಗಳು ಮುಖ್ಯ ಗೆರೆಗಿಂತ ಕೇವಲ 26 ಡೆಸಿಬೆಲ್ ಕೆಳಗೆ ನಿಲ್ಲುತ್ತವೆ. ಎಲೆಕ್ಟ್ರಾನ್‌ಗಳು ರಿಪೆಲ್ಲರನ್ನು ಮುಟ್ಟದೆ ಹಿಂದಿರುಗುವುದರಿಂದ ಅಲ್ಲಿ ಕರೆಂಟ್ ಬಹುತೇಕ ಹರಿಯುವುದಿಲ್ಲ, ಹಾಗಾಗಿ ಪವರ್ ಸಪ್ಲೈ ಬದಲು ಸಾಲಾಗಿ ಜೋಡಿಸಿದ ಒಣಕೋಶಗಳೇ ಸಾಕು. ಅವನ್ನು ಹಾಕಿದಾಗ ಪಕ್ಕದ ಗೆರೆಗಳು ಮಾಯವಾದರೆ ದೋಷವಿದ್ದದ್ದು ಪವರ್ ಸಪ್ಲೈಯಲ್ಲಿ. ನಳಿಕೆಯ ಬಾಡಿಯನ್ನು ಭೂಮಿಗೆ ಜೋಡಿಸಿದ ವ್ಯವಸ್ಥೆಯಲ್ಲಿ ಎಲೆಕ್ಟ್ರಾನ್ ಹೊರಸೂಸುವ ಕ್ಯಾಥೋಡ್ ನೂರಾರು ವೋಲ್ಟ್ ಋಣದಲ್ಲಿರುತ್ತದೆ, ಈ ಕೋಶಗಳೂ ಅದರೊಂದಿಗೇ ತೇಲುತ್ತವೆ. ವಿದ್ಯುತ್ ಇರುವಾಗ ಅವನ್ನು ಮುಟ್ಟಲೇಬೇಡಿ. ರಿಪೆಲ್ಲರ್‌ಗೆ ವೋಲ್ಟೇಜ್ ಕೊಟ್ಟ ನಂತರವೇ ಎಲೆಕ್ಟ್ರಾನ್ ಧಾರೆಯನ್ನು ವೇಗಗೊಳಿಸುವ ಬೀಮ್ ವೋಲ್ಟೇಜ್ ಕೊಡಬೇಕು. ಕ್ರಮ ತಪ್ಪಿದರೆ ಎಲೆಕ್ಟ್ರಾನ್‌ಗಳು ಬಡಿದು ರಿಪೆಲ್ಲರ್ ಬಿಸಿಯಾಗುತ್ತದೆ.

ಆಮೇಲೆ ಕ್ಯಾಥೋಡನ್ನು ಕಾಯಿಸುವ ಹೀಟರ್‌ಗೆ ಶುದ್ಧ ಡಿಸಿ ಕೊಡಿ. ಬಾಡಿಯನ್ನು ಪೆನ್ಸಿಲ್‌ನಿಂದ ಮೆಲ್ಲಗೆ ತಟ್ಟಿದಾಗ ಗೆರೆ ನಡುಗಿದರೆ ಕಂಪನವೂ ಕಾರಣವೇ. ಫ್ಯಾನನ್ನು ರಬ್ಬರ್ ಆಧಾರದ ಮೇಲೆ ಬೇರೆಯಾಗಿ ನಿಲ್ಲಿಸಿ. ಹೊರೆಯಿಂದ ಮರಳುವ ಅಲೆಯು ಆವೃತ್ತಿಯನ್ನು ಎಳೆಯದಂತೆ ಹೊರದಾರಿಯಲ್ಲಿ ಅಲೆಯನ್ನು ಒಂದೇ ದಿಕ್ಕಿಗೆ ಬಿಡುವ ಫೆರೈಟ್ ಐಸೊಲೇಟರ್ ಇರಲಿ.

ಕೆಲಸದ ಬಿಂದುವನ್ನು ಮೋಡ್‌ನ (ನಳಿಕೆ ಆಂದೋಲಿಸುವ ರಿಪೆಲ್ಲರ್ ವೋಲ್ಟೇಜ್ ವ್ಯಾಪ್ತಿಯ) ಶಕ್ತಿ ಗರಿಷ್ಠವಿರುವ ನೆತ್ತಿಯಲ್ಲಿಡಿ. ಅಲ್ಲಿ ವೋಲ್ಟೇಜ್ ತುಸು ಕದಲಿದರೂ ಶಕ್ತಿ ಹೆಚ್ಚುಕಡಿಮೆ ಬದಲಾಗದು, ಆದ್ದರಿಂದ ಎಎಂ (ಶಕ್ತಿಯ ಏರಿಳಿತದ) ನಾಯ್ಸ್ ಕನಿಷ್ಠಕ್ಕಿಳಿಯುತ್ತದೆ. ಎಫ್ಎಂ (ಆವೃತ್ತಿಯ ಏರಿಳಿತದ) ನಾಯ್ಸ್ ಮಾತ್ರ ಹಾಗೆಯೇ ಉಳಿಯುತ್ತದೆ. ಅದಕ್ಕೆ ಹೆಚ್ಚಿನ ಕ್ಯೂ ಇರುವ, ಅಂದರೆ ಒಂದೇ ಆವೃತ್ತಿಗೆ ಚೂಪಾಗಿ ಸ್ಪಂದಿಸುವ ಕ್ಯಾವಿಟಿಯನ್ನು (ಅನುರಣಿಸುವ ಲೋಹದ ಪೊಳ್ಳು ಕೋಶ) ಆಧಾರವಾಗಿಟ್ಟು, ತಪ್ಪಿದ ಆವೃತ್ತಿಯನ್ನು ರಿಪೆಲ್ಲರ್ ಮೂಲಕ ತಿದ್ದುವ ಪೌಂಡ್ ವಿಧಾನವೇ ನನ್ನ ದೃಷ್ಟಿಯಲ್ಲಿ ಅತ್ಯುತ್ತಮ ಪರಿಹಾರ.

ಮೈಕ್ರೋವೇವ್ ಹುಟ್ಟಿಸುವ ಇನ್ನೊಂದು ನಳಿಕೆಯಾದ ಮ್ಯಾಗ್ನೆಟ್ರಾನ್‌ನ ವಿಷಯ ಬೇರೆ. ಮೈಕ್ರೋವೇವ್ ಓವನ್‌ನ ನಳಿಕೆಯಲ್ಲಿ ಆಂದೋಲನ ಆರಂಭವಾದ ಮೇಲೆ, ಹಿಂದಕ್ಕೆ ಬಂದು ಬಡಿಯುವ ಎಲೆಕ್ಟ್ರಾನ್‌ಗಳೇ ಕ್ಯಾಥೋಡನ್ನು ಕಾಯಿಸಬಲ್ಲವು. ಆಗ ಫಿಲಮೆಂಟ್ ಕರೆಂಟನ್ನು ಇಳಿಸಿದರೆ ಅಥವಾ ಪೂರ್ತಿ ಕಡಿದರೆ ನಾಯ್ಸ್ ಗಣನೀಯವಾಗಿ ತಗ್ಗುತ್ತದೆ ಎಂಬುದನ್ನು ಅಮೆರಿಕದ ಎಂಜಿನಿಯರ್ ವಿಲಿಯಂ ಬ್ರೌನ್ ಪ್ರಯೋಗಗಳಿಂದ ತೋರಿಸಿದರು. ಆನೋಡ್ ವೋಲ್ಟೇಜ್ ಡಿಸಿಯಾಗಿ ಸ್ಥಿರವಾಗಿದ್ದರೆ ಮಾತ್ರ ಈ ಲಾಭ ದೊರೆಯುತ್ತದೆ.