ಪದಕ ಅರ್ಹರಿಗೇ ಸಿಗುತ್ತದೆಯೇ? ಶಿಫಾರಸು ಟೈಪು ಮಾಡಿದವನ ಅನುಭವ

ಕಾಸರಗೋಡಿನ ಕಡೆ ಮಿಲಿಟರಿಯಲ್ಲಿದ್ದು ಬಂದ ನಾಲ್ಕು ಜನ ಒಟ್ಟಿಗೆ ಸಿಕ್ಕಿದರೆ ಈ ಪ್ರಶ್ನೆ ಬಂದೇ ಬರುತ್ತದೆ. ಯುನಿಟ್ ಆಫೀಸಿನ ಕ್ಲರ್ಕಾಗಿ ಶೌರ್ಯ ಪದಕದ ಶಿಫಾರಸುಗಳನ್ನು, ಅಂದರೆ ಸೈಟೇಶನ್‌ಗಳನ್ನು, ಟೈಪು ಮಾಡಿದವ ನಾನು. ಈಗ ಬದಿಯಡ್ಕ, ಪೆರ್ಲ ಕಡೆಯ ಮಾಜಿ ಸೈನಿಕರಿಗೆ ಅರ್ಜಿ ಬರೆದುಕೊಡುತ್ತೇನೆ. ನಾನು ಕಂಡದ್ದು ಇಷ್ಟು: ಸುಳ್ಳು ಹೇಳಿ ಪಡೆದ ಪದಕ ಅಪರೂಪ, ಸಿಗಬೇಕಾದವನಿಗೆ ಸಿಗದೆ ಹೋದದ್ದು ಬಹಳ. ಹೆಚ್ಚಿನ ಸಲ ಅದು ತಪ್ಪುವುದು ಮೊದಲ ಕಾಗದದಲ್ಲೇ.

ಶಿಫಾರಸು ಹೊರಡುವುದು ಕಮಾಂಡಿಂಗ್ ಆಫೀಸರರ ಸಹಿಯಿಂದ. ಬ್ರಿಗೇಡ್, ಡಿವಿಷನ್, ಕೋರ್, ಕಮಾಂಡ್ ದಾಟಿ ಸೇನಾ ಮುಖ್ಯಾಲಯ, ಅಲ್ಲಿಂದ ರಕ್ಷಣಾ ಸಚಿವಾಲಯ, ಕೊನೆಗೆ ರಾಷ್ಟ್ರಪತಿ. ಶಾಂತಿಕಾಲದಲ್ಲಿ ಜನವರಿ 26 ಮತ್ತು ಆಗಸ್ಟ್ 15ರ ಹೊತ್ತಿಗೆ ಪಟ್ಟಿ ಹೊರಬೀಳುತ್ತದೆ. ಮೇಲೆ ಕುಳಿತವರಲ್ಲಿ ಯಾರೂ ಆ ಜವಾನನನ್ನು ನೋಡಿದವರಲ್ಲ. ಅವರ ಮುಂದೆ ಇರುವುದು ಕಾಗದ ಮಾತ್ರ. ಪ್ರತಿ ಹಂತದಲ್ಲೂ ಪದಕದ ದರ್ಜೆ ಇಳಿಯಬಹುದು. ವೀರ ಚಕ್ರಕ್ಕೆ ಹೋದದ್ದು ಸೇನಾ ಪದಕವಾಗಿ ಬರಬಹುದು, ಏನೂ ಆಗದೆಯೂ ಇರಬಹುದು.

ಆ ಕಾಗದ ಕೆಡುವುದು ಗುಣವಾಚಕಗಳಿಂದ. ‘ತನ್ನ ಪ್ರಾಣದ ಹಂಗು ತೊರೆದು ಅಪ್ರತಿಮ ಧೈರ್ಯ ತೋರಿದರು’ ಎಂಬ ವಾಕ್ಯ ಎಲ್ಲ ಸೈಟೇಶನ್‌ಗಳಲ್ಲೂ ಇರುತ್ತದೆ, ಹಾಗಾಗಿ ಅದಕ್ಕೆ ತೂಕವಿಲ್ಲ. ಅದನ್ನು ಹೊಡೆದುಹಾಕಿ ನಾನು ಮಾದರಿಗೆ ಹೀಗೆ ಬರೆದು ತೋರಿಸುತ್ತಿದ್ದೆ: ‘ರಾತ್ರಿ 2:40. ಬಂಕರಿಗೆ 15 ಮೀಟರ್. ಎಡತೊಡೆಗೆ ಗುಂಡು. ಅನಂತರ ತೆವಳಿಕೊಂಡು ಬಲಗಡೆಯಿಂದ ಹೋಗಿ ಎರಡು ಗ್ರೆನೇಡ್. ಮೆಷಿನ್ ಗನ್ ನಿಂತಿತು. ಹಿಂದಿದ್ದ ಸೆಕ್ಷನ್ ಮುಂದೆ ಬಂತು.’ ಹೊತ್ತು, ದೂರ, ಗಾಯ, ಮಾಡಿದ ಕೆಲಸ, ಅದರಿಂದ ಆದದ್ದು. ಕೊನೆಯದನ್ನೇ ಜನ ಬಿಟ್ಟುಬಿಡುತ್ತಾರೆ. ಮೆಷಿನ್ ಗನ್ ನಿಂತದ್ದರಿಂದ ಎಷ್ಟು ಜನ ಮುಂದೆ ಬರಲು ಸಾಧ್ಯವಾಯಿತು ಎನ್ನುವುದು ಇಲ್ಲದಿದ್ದರೆ ಮೇಲಿನವರಿಗೆ ಅದು ಗುಂಡಿನ ಚಕಮಕಿಯ ಒಂದು ತುಣುಕು ಅಷ್ಟೆ.

ಕಣ್ಣಾರೆ ಕಂಡವರ ಹೇಳಿಕೆ ಪಡೆಯುವುದೇ ಕಷ್ಟದ ಭಾಗ. ನಮ್ಮ ಕಡೆಯ ಹುಡುಗರನ್ನು ‘ಏನು ಮಾಡಿದೆ?’ ಎಂದು ಕೇಳಿದರೆ ‘ಎಂತ ಇಲ್ಲ, ಎಲ್ಲರೂ ಮಾಡಿದ್ದೇ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅದಕ್ಕೆ ಪ್ರಶ್ನೆಯನ್ನೇ ಬದಲಿಸಬೇಕು. ನೀನು ನಿಂತದ್ದು ಎಲ್ಲಿ? ಅವನು ನಿನ್ನ ಎಡಕ್ಕೋ ಬಲಕ್ಕೋ? ಆಗ ನಿನ್ನ ಕೈಯಲ್ಲಿ ಏನಿತ್ತು? ಅವನು ಬಿದ್ದದ್ದು ನೋಡಿದೆಯೋ, ಕೂಗು ಕೇಳಿದೆಯೋ? ಒಂದು ಹಾಳೆಯಲ್ಲಿ ಜಾಗದ ನಕ್ಷೆ ಗೀಚಿಸಿದರೆ ಅರ್ಧ ಕೆಲಸ ಆದಂತೆ. ಹೇಳಿಕೆಯನ್ನು ಮೊದಲು ಅವನ ಭಾಷೆಯಲ್ಲೇ, ಕನ್ನಡವಾಗಲಿ, ತುಳುವಾಗಲಿ, ಮಲಯಾಳವಾಗಲಿ, ಬರೆದುಕೊಳ್ಳಬೇಕು. ಅವನು ಹರಕು ಹಿಂದಿಯಲ್ಲಿ ಹೇಳಿ, ಇನ್ನೊಬ್ಬ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ‘ಹೆಗಲ ಮೇಲೆ ಹೊತ್ತುಕೊಂಡು ಇನ್ನೂರು ಮೀಟರ್ ಬಂದ’ ಎನ್ನುವುದು ‘ಗಾಯಾಳುವಿಗೆ ನೆರವಾದ’ ಎಂದಾಗುತ್ತದೆ. ಪದಕ ಹೋಗುವುದು ಆ ಒಂದು ಶಬ್ದದಲ್ಲಿ.

ಎರಡನೆಯದು ದಿನಗಳ ಲೆಕ್ಕ. ಗಾಯಾಳುಗಳು ಬೇರೆ ಬೇರೆ ಆಸ್ಪತ್ರೆಗೆ ಹೋಗುತ್ತಾರೆ, ಕೆಲವರು ರಜೆಗೆ, ಕೆಲವರು ಪೋಸ್ಟಿಂಗಿಗೆ. ಒಂದು ವಾರದೊಳಗೆ ಹೇಳಿಕೆ ಆಗದಿದ್ದರೆ ಮೂವರ ಹೇಳಿಕೆಯಲ್ಲಿ ಮೂರು ಹೊತ್ತು ಇರುತ್ತದೆ. ಮೇಲಿನ ಕಚೇರಿ ಫೈಲನ್ನು ವಾಪಸು ಕಳಿಸುತ್ತದೆ. ಆಸ್ಪತ್ರೆಯಲ್ಲಿದ್ದವರ ಹಾಸಿಗೆಗೇ ಯಾರನ್ನಾದರೂ ಕಳಿಸಬೇಕು, ಬೇರೆ ದಾರಿಯಿಲ್ಲ.

ಸಾಕ್ಷಿಯೇ ಮರಳಿ ಬರದಿದ್ದರೆ? ನಮ್ಮ ಪಕ್ಕದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಎ.ಬಿ. ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಮಿಸ್ಟೇರ್ ಯುದ್ಧವಿಮಾನದಲ್ಲಿ ಹೋದವರು ಹಿಂದಿರುಗಲಿಲ್ಲ. ತನ್ನ ವಿಮಾನಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ಒಂದನ್ನು ಅವರು ಹೊಡೆದುರುಳಿಸಿದ್ದು ನಮ್ಮವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಾಕಿಸ್ತಾನದ ಕಡೆಯ ವಿವರಗಳು ಹೊರಬಂದ ಮೇಲೆ, 1988ರಲ್ಲಿ, ಮಹಾವೀರ ಚಕ್ರ ಬಂತು. 23 ವರ್ಷ! ಚೀನಾ ಯುದ್ಧದಲ್ಲಿ, ಲಡಾಖಿನ ರೆಜಾಂಗ್ ಲಾದಲ್ಲಿ 1962ರ ನವೆಂಬರ್ 18ರಂದು 13 ಕುಮಾಂವ್ ಬೆಟಾಲಿಯನ್ನಿನ ಒಂದು ಕಂಪನಿ ಹೆಚ್ಚುಕಡಿಮೆ ಪೂರ್ತಿ ಅಳಿಯಿತು. ಉಳಿದು ಬಂದ ಕೆಲವರ ಮಾತನ್ನು ಮೊದಲು ಅನೇಕರು ನಂಬಲಿಲ್ಲ. ಮರುವರ್ಷ ಆಯುಧ ಹಿಡಿದೇ ಇದ್ದ ದೇಹಗಳು ಸಿಕ್ಕಿದವು, ಅವೇ ಸಾಕ್ಷಿ. ಕಾರ್ಗಿಲ್‌ನಲ್ಲಿ ನಮ್ಮ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ (ಇಲ್ಲಿ ‘ಕರ್ನಲ್’ ಹುದ್ದೆಯಲ್ಲ, ಹೆಸರೇ) ಅವರ ಶವದ ಜೇಬಿನಲ್ಲಿ, ಈತ ಧೈರ್ಯದಿಂದ ಹೋರಾಡಿದ ಎಂದು ಚೀಟಿ ಬರೆದಿಟ್ಟರು. ಆ ಅಧಿಕಾರಿಗೆ ಅವರ ದೇಶದ ಅತ್ಯುನ್ನತ ಶೌರ್ಯ ಪದಕ ನಿಶಾನ್-ಎ-ಹೈದರ್ ಸಿಕ್ಕಿತು. ಶತ್ರುವಿನ ಚೀಟಿಗೂ ಅಷ್ಟು ಬೆಲೆ ಇದೆ ಎಂದಾದರೆ ನಮ್ಮ ಜವಾನನ ಬಗ್ಗೆ ನಾವು ಒಂದು ಪುಟ ಸರಿಯಾಗಿ ಬರೆಯದಿರುವುದು ನನಗೆ ಕ್ಷಮಿಸಲು ಕಷ್ಟ.

ಬೇರೆ ಯುನಿಟ್ಟಿನ ಜೊತೆ ಕೆಲಸಕ್ಕೆ ಕಳಿಸಿಕೊಟ್ಟವರ ಪಾಡು ಇನ್ನೂ ಬೇರೆ. ಇನ್‌ಫೆಂಟ್ರಿಯ ಜೊತೆ ಮೈನ್ ತೆಗೆಯಲು ಹೋದ ಸ್ಯಾಪರ್, ರೇಡಿಯೊ ಹೊತ್ತ ಸಿಗ್ನಲ್‌ನವ, ಆಂಬುಲೆನ್ಸ್ ಡ್ರೈವರ್: ಕಂಡವರು ಒಂದು ಯುನಿಟ್ಟಿನವರು, ಅವನ ದಾಖಲೆ ಇನ್ನೊಂದು ಯುನಿಟ್ಟಿನಲ್ಲಿ. ಇಬ್ಬರೂ ಇನ್ನೊಬ್ಬರು ಬರೆಯುತ್ತಾರೆ ಎಂದುಕೊಳ್ಳುತ್ತಾರೆ. ಕಂಡ ಯುನಿಟ್ ಹೇಳಿಕೆ ಬರೆದು ಅವನ ಮೂಲ ಯುನಿಟ್ಟಿಗೆ ಅದೇ ವಾರ ಕಳಿಸಬೇಕು, ನಕಲು ತನ್ನಲ್ಲಿಟ್ಟುಕೊಳ್ಳಬೇಕು.

ಹೆಸರಿನ ತಪ್ಪನ್ನು ಸಣ್ಣದೆಂದು ಬಿಡಬಾರದು. 1999ರಲ್ಲಿ ಗ್ರೆನೇಡಿಯರ್ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಪರಮವೀರ ಚಕ್ರ ಮೊದಲು ಮರಣೋತ್ತರವೆಂದು ಘೋಷಣೆಯಾಯಿತು. ತೀರಿಕೊಂಡದ್ದು ಅದೇ ಹೆಸರಿನ ಇನ್ನೊಬ್ಬರು, ಇವರು ಆಸ್ಪತ್ರೆಯಲ್ಲಿದ್ದರು. ನಮ್ಮಲ್ಲಿ ತೊಡಕು ಹೆಚ್ಚು. ‘ನಾಯ್ಕ’ ಎಂಬುದು ಇಲ್ಲಿ ಮನೆತನದ ಹೆಸರು, ಸೇನೆಯಲ್ಲಿ ಅದು ಹುದ್ದೆ. ರಾಮ ನಾಯ್ಕ ಎಂಬ ಸಿಪಾಯಿ ಕಾಗದದಲ್ಲಿ ನಾಯಕ್ ರಾಮ ಆಗುತ್ತಾನೆ. ಇನಿಷಿಯಲ್ ಬಿಡಿಸುವಾಗ ತರವಾಡಿನ (ಮೂಲಮನೆಯ) ಹೆಸರು ಒಂದೆಡೆ, ತಂದೆಯ ಹೆಸರು ಇನ್ನೊಂದೆಡೆ. ಪ್ರತಿ ಪುಟದಲ್ಲೂ ಆರ್ಮಿ ನಂಬರ್ ಹಾಕಿ, ಹೆಸರನ್ನು ಪೇ-ಬುಕ್ಕಿನಲ್ಲಿರುವ ಕಾಗುಣಿತದಲ್ಲೇ ಬರೆಯಿರಿ.

ಹಾಗಾದರೆ ಮೋಸ ಇಲ್ಲವೇ? ಇದೆ. 2003ರಲ್ಲಿ ಅಸ್ಸಾಮಿನಲ್ಲಿ ನಾಗರಿಕರ ಮೈಗೆ ಟೊಮ್ಯಾಟೊ ಕೆಚಪ್ ಬಳಿದು ಸತ್ತ ಉಗ್ರರೆಂದು ಫೋಟೊ ತೆಗೆಸಿದ ಅಧಿಕಾರಿಯನ್ನು ಕೋರ್ಟ್ ಮಾರ್ಷಲ್ ಮಾಡಿ ಸೇವೆಯಿಂದ ತೆಗೆದುಹಾಕಿದರು. ಅಂಥದ್ದಕ್ಕೂ ಮದ್ದು ಅದೇ: ಬೇರೆ ಬೇರೆಯಾಗಿ ಕೂರಿಸಿ ಪಡೆದ ಹೇಳಿಕೆ. ಒಂದೇ ವಾಕ್ಯ ಮೂರು ಹೇಳಿಕೆಯಲ್ಲಿ ಅಕ್ಷರಶಃ ಕಂಡರೆ ನಾನು ಟೈಪು ಮಾಡುವ ಮೊದಲೇ ಅಧಿಕಾರಿಗೆ ತೋರಿಸುತ್ತಿದ್ದೆ.

ಇನ್ನು ಅರ್ಹತೆಯ ಪ್ರಶ್ನೆಯೇ ಇಲ್ಲದ, ಸೇವೆಯಲ್ಲಿದ್ದುದಕ್ಕೆ ಹಕ್ಕಾಗಿ ಬರುವ ಪದಕಗಳು. 1971ರ ಡಿಸೆಂಬರ್ 3ರಿಂದ 1972ರ ಡಿಸೆಂಬರ್ 20ರ ನಡುವೆ ಸೇವೆಯಲ್ಲಿದ್ದವರಿಗೆ ಸಂಗ್ರಾಮ ಪದಕ. 9, 20, 30 ವರ್ಷಗಳ ದೀರ್ಘ ಸೇವಾ ಪದಕಗಳು. ಹಕ್ಕಿನ ಪದಕವೇ ಕೈಗೆ ಬಾರದವರು ನಮ್ಮಲ್ಲಿ ಇನ್ನೂ ಇದ್ದಾರೆ. ಡಿಸ್ಚಾರ್ಜ್ ಬುಕ್ಕಿನಲ್ಲಿ ಪದಕಗಳ ಜಾಗ ನೋಡಿ. ಅಲ್ಲಿ ನಮೂದಿದ್ದರೆ, ಆ ಪುಟದ ನಕಲು, ಪಿಪಿಒ (ಪಿಂಚಣಿ ಆದೇಶ) ಮತ್ತು ಆಧಾರ್ ನಕಲಿನೊಂದಿಗೆ ನಿಮ್ಮ ಸೇವಾ ದಾಖಲೆ ಇರುವ ರೆಕಾರ್ಡ್ ಆಫೀಸಿಗೆ ಸ್ಪೀಡ್ ಪೋಸ್ಟಿನಲ್ಲಿ ಬರೆಯಿರಿ: ಮದ್ರಾಸ್ ರೆಜಿಮೆಂಟಿನವರು ವೆಲ್ಲಿಂಗ್ಟನ್‌ಗೆ, ಆರ್ಟಿಲರಿಯವರು ನಾಸಿಕ್ ರೋಡಿಗೆ, ಸಿಗ್ನಲ್ಸ್‌ನವರು ಜಬಲ್‌ಪುರಕ್ಕೆ. ಪಿಂಚಣಿಯ ನಂತರ ಕಣ್ಣೂರಿನ ಡಿಎಸ್‌ಸಿಗೆ (ಡಿಫೆನ್ಸ್ ಸೆಕ್ಯುರಿಟಿ ಕೋರ್) ಸೇರಿದವರು ಹಳೆಯ, ಹೊಸ ನಂಬರ್ ಎರಡನ್ನೂ ಬರೆಯಬೇಕು. ಉತ್ತರ ಬಾರದಿದ್ದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನ ಅರ್ಜಿ. 30 ದಿನದಲ್ಲಿ ಉತ್ತರಿಸಲೇಬೇಕು.

ಸೇನಾ ಪದಕ ಇರುವ ಮನೆಯವರು ಆದೇಶದಲ್ಲಿ ‘ಗ್ಯಾಲಂಟ್ರಿ’ ಎಂಬ ಶಬ್ದ ಇದೆಯೇ ನೋಡಿಕೊಳ್ಳಿ. 2017ರಲ್ಲಿ ನಿಗದಿಯಾದ ತಿಂಗಳ 2,000 ರೂಪಾಯಿ ಭತ್ಯೆ ಶೌರ್ಯಕ್ಕೆ ಸಿಕ್ಕಿದ ಸೇನಾ ಪದಕಕ್ಕೆ ಮಾತ್ರ. ಯುದ್ಧ ಮತ್ತು ಸೇವಾ ಪದಕ ಬಂದಾಗ ಮೊದಲು ಅದರ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ: ನಂಬರ್, ಹುದ್ದೆ, ಹೆಸರು ಕೆತ್ತಿರುತ್ತದೆ. ಅಂಗಡಿಯಲ್ಲಿ ಕೊಂಡದ್ದರ ಅಂಚು ಬರಿದಾಗಿರುತ್ತದೆ. ಕೆತ್ತಿದ್ದರಲ್ಲಿ ಒಂದು ಅಂಕಿ ತಪ್ಪಿದ್ದರೂ ಪೆಟ್ಟಿಗೆಗೆ ಹಾಕಬೇಡಿ, ಅದೇ ದಿನ ಬರೆದು ವಾಪಸು ಕಳಿಸಿ.