ಎಡಗಾಲಿಗೆ ಹಚ್ಚಿದೆ, ಬಲಗಾಲನ್ನು ಹಾಗೆಯೇ ಬಿಟ್ಟೆ

ಎಳ್ಳ ಅಮಾವಾಸ್ಯೆಯ ದಿನ ಆಳಂದ ಕಡೆಗಿರುವ ನಮ್ಮ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಬಜ್ಜಿ ಉಂಡು ಬೇವಿನ ಮರದ ಕೆಳಗೆ ಕುಳಿತಿದ್ದಾಗ ನನ್ನ ನಾದಿನಿ ನನ್ನ ಕಾಲುಗಳನ್ನು ನೋಡಿ, "ವೈನಿ, ಕಾಲಿಗಿ ಬೂದಿ ಬಳದಂಗ ಆಗ್ಯಾದಲ್ರಿ, ಏನೂ ಹಚ್ಚಂಗಿಲ್ಲೇನ್ರಿ?" ಎಂದು ಕೇಳಿದಳು. ಸೀರೆಯನ್ನು ತುಸು ಮೇಲೆತ್ತಿ ನೋಡಿಕೊಂಡೆ. ಮೊಣಕಾಲಿನ ಕೆಳಗೆ ಎಲುಬಿನ ಉದ್ದಕ್ಕೂ ಚರ್ಮ ಬೇಸಿಗೆಯ ಎರೆಹೊಲದಂತೆ ಸಣ್ಣ ಸಣ್ಣ ಬಿರುಕು ಬಿಟ್ಟಿತ್ತು. ಉಗುರಿನಿಂದ ಗೀರಿದರೆ ಸ್ಲೇಟಿನ ಮೇಲೆ ಬಳಪ ಎಳೆದಂತೆ ಬಿಳಿಯ ಗೆರೆ ಮೂಡಿ, ಅಳಿಸದೆ ಉಳಿಯುತ್ತಿತ್ತು.

ಕಲಬುರಗಿಯ ಆಸ್ಪತ್ರೆಯೊಂದರಲ್ಲಿ 21 ವರ್ಷಗಳಿಂದ ನರ್ಸ್ ಆಗಿ ಕೆಲಸ ಮಾಡುತ್ತಿರುವ ನನಗೆ ಆ ಪ್ರಶ್ನೆ ಹೊಸದಾಗಿರಲಿಲ್ಲ. ಮಕ್ಕಳ ವಾರ್ಡಿನಲ್ಲಿ ತಾಯಂದಿರು "ಸಿಸ್ಟರ್, ಮಾಯಿಶ್ಚರೈಸರ್ ಹಚ್ಚಲೇಬೇಕೇನ್ರಿ?" ಎಂದು ಕೇಳಿದಾಗಲೆಲ್ಲ "ಹಚ್ಚಬೇಕ್ರಿ" ಎಂದು ಹೇಳಿ ಮುಂದಿನ ಹಾಸಿಗೆಗೆ ಹೋಗುತ್ತಿದ್ದೆ. ಮನೆಯಲ್ಲಿ ನನ್ನ ಅತ್ತೆಯವರ ನಂಬಿಕೆ ಅದಕ್ಕೆ ತೀರಾ ವಿರುದ್ಧ. "ಹಚ್ಚಿದಷ್ಟೂ ತೊಗಲು ಮೈಗಳ್ಳ ಆಗ್ತದವ್ವ, ತನ್ನ ಎಣ್ಣಿ ತಾ ಬಿಡೂದು ಮರೀತದ" ಎಂದು ಅವರು ಹೇಳುತ್ತಿದ್ದರು. ಅವರ ಮಾತಿಗೂ ನನ್ನ ಮಾತಿಗೂ ನನ್ನ ಕೈಯಲ್ಲಿ ಪುರಾವೆ ಇರಲಿಲ್ಲ. ಆದರೆ ಒಂದೇ ನೀರು, ಒಂದೇ ಗಾಳಿ, ಒಂದೇ ಊಟದಲ್ಲಿ ಬೆಳೆದ ಎರಡು ಕಾಲುಗಳು ಇದ್ದವು.

ಮರುದಿನದಿಂದ ಎಡಗಾಲಿಗೆ ಮಾತ್ರ ಹಚ್ಚುವುದು, ಬಲಗಾಲಿಗೆ ಏನನ್ನೂ ಮುಟ್ಟಿಸದಿರುವುದು ಎಂದು ನಿರ್ಧರಿಸಿದೆ. ಔಷಧ ಅಂಗಡಿಯಲ್ಲಿ ಸಿಗುವ, ಸುವಾಸನೆ ಇಲ್ಲದ, ಗ್ಲಿಸರಿನ್ ಮತ್ತು ಪ್ಯಾರಾಫಿನ್ ಇರುವ ಸಾದಾ ಕ್ರೀಮನ್ನು ತಂದೆ. ಸ್ನಾನ ಮುಗಿಸಿ, ಟವೆಲಿನಿಂದ ಉಜ್ಜದೆ ಬರೀ ಒತ್ತಿ ನೀರಿಳಿಸಿ, ಚರ್ಮ ಇನ್ನೂ ಹಸಿ ಇರುವಾಗಲೇ ಸವರುತ್ತಿದ್ದೆ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ ಬರುತ್ತದೆ, ಅದು ಎರಡು ಅಂಗೈಯಷ್ಟು ಜಾಗಕ್ಕೆ ಸಾಕಾಗುತ್ತದೆ. ಮೊಣಕಾಲಿನಿಂದ ಹರಡಿನವರೆಗೆ ಅಂಥ ಮೂರು ಅಳತೆ ಹಚ್ಚಿದೆ. ಪ್ರತಿ ರಾತ್ರಿ ಎರಡೂ ಕಾಲನ್ನು ಉಗುರಿನಿಂದ ಗೀರಿ ನೋಡಿ, ಗೆರೆ ಉಳಿಯಿತೋ ಇಲ್ಲವೋ, ತುರಿಕೆ ಇತ್ತೋ ಇಲ್ಲವೋ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೆ.

ಮೂರನೆಯ ರಾತ್ರಿಗೆ ಎಡಗಾಲಿನಲ್ಲಿ ಬಿಳಿ ಗೆರೆ ಮೂಡುವುದು ನಿಂತಿತು. ಒಂದು ವಾರಕ್ಕೆ ತುರಿಕೆ ಹೋಯಿತು, ಹತ್ತನೆಯ ದಿನಕ್ಕೆ ಬಿರುಕಿನ ಗುರುತುಗಳೂ ಮಾಸಿದವು. ಬಲಗಾಲು ಎಳ್ಳ ಅಮಾವಾಸ್ಯೆಯ ದಿನ ಹೇಗಿತ್ತೋ ಹಾಗೆಯೇ ಇತ್ತು, ನಡುರಾತ್ರಿ ನಿದ್ದೆಯಲ್ಲಿಯೇ ಕೆರೆದುಕೊಂಡು ಒಂದು ಕಡೆ ರಕ್ತವೂ ಬಂದಿತ್ತು. ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಹಳೆಯ ಉತ್ತರವೇ ಸರಿ ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಬಲಗಾಲು ಹಾಗೇಕೆ ಆಯಿತು ಎಂಬ ಪ್ರಶ್ನೆ ಮಾತ್ರ ಉಳಿದಿತ್ತು. ಚರ್ಮದ ಅತಿ ಹೊರಗಿನ ಪದರವನ್ನು ಇಟ್ಟಿಗೆಯ ಗೋಡೆಗೆ ಹೋಲಿಸುತ್ತಾರೆ. ಸತ್ತು ಚಪ್ಪಟೆಯಾದ ಜೀವಕೋಶಗಳು ಇಟ್ಟಿಗೆಗಳು. ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನ ಆಮ್ಲಗಳು ಅವುಗಳ ನಡುವಿನ ಗಾರೆ. ಇಟ್ಟಿಗೆಗಳ ಒಳಗೆ ಯೂರಿಯಾ, ಲ್ಯಾಕ್ಟಿಕ್ ಆಮ್ಲ, ಅಮೈನೋ ಆಮ್ಲಗಳಂಥ ನೀರು ಹಿಡಿದಿಡುವ ವಸ್ತುಗಳಿರುತ್ತವೆ. ಈ ಗೋಡೆಯನ್ನು ದೇಹ ತಾನೇ ಕಟ್ಟುತ್ತದೆ, ಸವೆದಂತೆಲ್ಲ ಕೆಲವೇ ವಾರಗಳಲ್ಲಿ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಆರೋಗ್ಯವಂತ ಚರ್ಮಕ್ಕೆ ಹೊರಗಿನಿಂದ ಏನೂ ಬೇಕಾಗಿಲ್ಲ ಎನ್ನುವವರ ಮಾತಿನಲ್ಲಿ ಅಷ್ಟರಮಟ್ಟಿಗೆ ಸತ್ಯವಿದೆ. ಆದರೆ ನಾನು ದಿನಾಲು ಆ ಗಾರೆಯನ್ನು ತೊಳೆದು ಕಳೆಯುತ್ತಿದ್ದೆ. ಚರ್ಮದ ಮೇಲ್ಮೈಯ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಸುಮಾರು 4.5ರಿಂದ 5.5ರವರೆಗೆ ಇದ್ದು ಹುಳಿಯ ಕಡೆಗಿರುತ್ತದೆ, ಸಾಮಾನ್ಯ ಸೋಪಿನದು 9ರಿಂದ 10, ಕ್ಷಾರದ ಕಡೆಗೆ. ಬಂಬಿನಲ್ಲಿ ಕಾಯಿಸಿದ ಸುಡುಸುಡು ನೀರು, ಎರಡು ಸಲ ಸೋಪು, ಮೇಲೆ ನಾರಿನಿಂದ ಉಜ್ಜುವಿಕೆ: ಎಣ್ಣೆಯ ಗ್ರಂಥಿಗಳು ಮೊದಲೇ ಕಡಿಮೆ ಇರುವ ಮೊಣಕಾಲಿನ ಕೆಳಭಾಗಕ್ಕೆ ಇದನ್ನು ತಡೆದುಕೊಳ್ಳುವ ಶಕ್ತಿ ಎಲ್ಲಿಯದು?

ಆದ್ದರಿಂದ ಎರಡನೆಯ ಹಂತದಲ್ಲಿ ನೀರನ್ನು ಉಗುರುಬೆಚ್ಚಗೆ ಇಳಿಸಿದೆ, ನಾರನ್ನು ಬಿಟ್ಟೆ, ಸೋಪನ್ನು ಕಂಕುಳು, ತೊಡೆಸಂದು ಮತ್ತು ಪಾದಗಳಿಗೆ ಮಾತ್ರ ಮೀಸಲಿಟ್ಟೆ. ಬಲಗಾಲಿಗೆ ಕ್ರೀಮ್ ಹಚ್ಚಲೇ ಇಲ್ಲ. ಹದಿನಾಲ್ಕು ದಿನಗಳಲ್ಲಿ ಬಲಗಾಲು ತಾನಾಗಿಯೇ ಅರ್ಧ ಸುಧಾರಿಸಿತು. ತುರಿಕೆ ಬಹುಮಟ್ಟಿಗೆ ನಿಂತಿತು, ಬಿರುಕುಗಳು ಕೂಡಿಕೊಂಡವು, ಬಿಳಿ ಗೆರೆ ಮಾತ್ರ ತೆಳುವಾಗಿ ಉಳಿಯಿತು. ಈ ಅರ್ಧ ಸುಧಾರಣೆಯೇ ಇಡೀ ಪ್ರಯೋಗದಲ್ಲಿ ನಾನು ಕಂಡ ಮುಖ್ಯ ಸಂಗತಿ. ಕೆಡಿಸುವುದನ್ನು ಬಿಟ್ಟದ್ದರಿಂದ ಬಂದ ಗುಣವನ್ನು ಅಷ್ಟು ವರ್ಷ ನಾನು ಕ್ರೀಮಿನ ಲೆಕ್ಕಕ್ಕೆ ಹಾಕುತ್ತಿದ್ದೆ.

ನಮ್ಮ ಓಣಿಯಲ್ಲಿ ಎಲ್ಲರೂ ಬೋರಿನ ಗಡಸು ನೀರನ್ನು ದೂರುತ್ತಾರೆ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಡನೆ ಸೇರಿ ಬಕೆಟಿನ ಅಂಚಿಗೆ ಕಟ್ಟುವ ಬೂದುಬಣ್ಣದ ಜಿಡ್ಡು ಮೈಮೇಲೂ ಕೂರುತ್ತದೆ ಎಂಬುದು ನಿಜ. ಆದರೆ ಬ್ರಿಟನ್ನಿನಲ್ಲಿ ಎಕ್ಸಿಮಾ (ಚರ್ಮ ಒಣಗಿ, ಕೆಂಪಾಗಿ, ತುರಿಸುವ ಕಾಯಿಲೆ) ಇರುವ 336 ಮಕ್ಕಳ ಅಧ್ಯಯನದಲ್ಲಿ, ಮನೆಗೆ ನೀರು ಮೆದುಗೊಳಿಸುವ ಯಂತ್ರ ಹಾಕಿಸಿದ್ದರಿಂದ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ ಎಂದು 2011ರಲ್ಲಿ ಪ್ರಕಟವಾಯಿತು. ಯಂತ್ರಕ್ಕೆ ಹಣ ಹಾಕುವ ಮೊದಲು ಸೋಪನ್ನು ಕಡಿಮೆ ಮಾಡಿ ನೋಡಿ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಅತ್ತೆಯವರ ಮಾತನ್ನೂ ಪರೀಕ್ಷಿಸಬೇಕಿತ್ತು. ನಾಲ್ಕು ವಾರ ಕ್ರೀಮ್ ಕಂಡ ಎಡಗಾಲಿಗೆ ಅದನ್ನು ನಿಲ್ಲಿಸಿಬಿಟ್ಟೆ. ಐದನೆಯ ದಿನಕ್ಕೆ ಅದು ಬಲಗಾಲಿನ ಸ್ಥಿತಿಗೆ ಬಂದು ನಿಂತಿತು. ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ಮೈಗಳ್ಳತನ ಕಲಿತಿದ್ದರೆ ಬಲಗಾಲಿಗಿಂತ ಕೆಡಬೇಕಿತ್ತಲ್ಲವೇ? ಒಬ್ಬಳ ಎರಡು ಕಾಲುಗಳಿಂದ ಲೋಕಕ್ಕೆಲ್ಲ ನಿಯಮ ಮಾಡಲಾಗದು, ಆದರೆ ನನ್ನ ಚರ್ಮ ಏನನ್ನೂ ಮರೆತಿರಲಿಲ್ಲ.

ಹಾಗಾದರೆ ಕ್ರೀಮೇ ಏಕೆ, ಎಣ್ಣೆ ಸಾಲದೇ ಎಂಬುದು ಅವರ ಮುಂದಿನ ಪ್ರಶ್ನೆ. ಅಮೆರಿಕದ ವಿಜ್ಞಾನಿ ಇರ್ವಿನ್ ಬ್ಲಾಂಕ್ 1952ರಲ್ಲಿ ಒಂದು ಸರಳ ಸಂಗತಿಯನ್ನು ತೋರಿಸಿದ್ದರು: ಒಣಗಿದ ದಡ್ಡು ಚರ್ಮದ ತುಂಡನ್ನು ಎಣ್ಣೆಯಲ್ಲಿ ನೆನೆಸಿದರೆ ಅದು ಪೆಡಸಾಗಿಯೇ ಉಳಿಯುತ್ತದೆ, ನೀರು ತಾಗಿದರೆ ಮಾತ್ರ ಮೆದುವಾಗುತ್ತದೆ. ಇದನ್ನು ನಾನು ಮನೆಯಲ್ಲಿಯೇ ಮಾಡಿ ನೋಡಿದೆ. ಹಿಮ್ಮಡಿ ಉಜ್ಜುವಾಗ ಎದ್ದ ದಪ್ಪ ತೊಗಲಿನ ಎರಡು ಚೂರುಗಳನ್ನು ಒಣಗಿಸಿ, ಒಂದನ್ನು ಕುಸುಬಿ ಎಣ್ಣೆಯ ಬಟ್ಟಲಿಗೂ ಇನ್ನೊಂದನ್ನು ನೀರಿನ ಬಟ್ಟಲಿಗೂ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಎಣ್ಣೆಯ ಚೂರನ್ನು ಬಗ್ಗಿಸಿದೊಡನೆ ಒಣ ರೊಟ್ಟಿಯಂತೆ ಕಟ್ಟನೆ ಮುರಿಯಿತು. ನೀರಿನ ಚೂರು ಬೆಳ್ಳಗೆ ಉಬ್ಬಿ, ಬೆರಳಿಗೆ ಸುತ್ತುವಷ್ಟು ಮೆತ್ತಗಾಗಿತ್ತು. ಆದರೆ ಅದನ್ನೇ ಗಾಳಿಗಿಟ್ಟಾಗ ಮಧ್ಯಾಹ್ನದೊಳಗೆ ಮತ್ತೆ ಪೆಡಸಾಯಿತು. ಅತ್ತೆಯವರು ಎರಡೂ ಬಟ್ಟಲುಗಳನ್ನು ಬಹಳ ಹೊತ್ತು ನೋಡಿದರು. ಚರ್ಮಕ್ಕೆ ಬೇಕಾದದ್ದು ನೀರು. ಜಿಡ್ಡಿನ ಕೆಲಸ ಆ ನೀರು ಹಾರಿಹೋಗದಂತೆ ಮುಚ್ಚುವುದು. ಒಣಗಿದ ಕಾಲಿಗೆ ಸಂಜೆ ಎಣ್ಣೆ ಸವರುವುದಕ್ಕೂ, ಸ್ನಾನದ ಹಸಿಯ ಮೇಲೆ ಸವರುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಹಸಿ ಮೈಗೆ ಹಚ್ಚುವುದಾದರೆ ನಮ್ಮ ಕುಸುಬಿ ಎಣ್ಣೆ ಕೆಟ್ಟದ್ದಲ್ಲ. ಅದರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಪಾಲು ಲಿನೋಲಿಯಿಕ್ ಎಂಬ ಕೊಬ್ಬಿನ ಆಮ್ಲವಿದ್ದು, ಚರ್ಮದ ಗಾರೆಯ ಸೆರಮೈಡ್ ಕಟ್ಟಲು ದೇಹಕ್ಕೆ ಅದು ಬೇಕಾಗುತ್ತದೆ. ಒಲೆಯಿಕ್ ಆಮ್ಲ ಹೆಚ್ಚಿರುವ ಆಲಿವ್ ಎಣ್ಣೆ ಆ ಗಾರೆಯನ್ನು ಸಡಿಲಿಸಬಲ್ಲದು ಎಂಬುದು ಅಧ್ಯಯನಗಳಲ್ಲಿ ಕಂಡಿದೆ. ಕೂಸುಗಳಿಗೆಂದು ದುಬಾರಿ ಆಲಿವ್ ಎಣ್ಣೆ ತರುವವರಿಗೆ ಇದನ್ನು ತಪ್ಪದೆ ಹೇಳುತ್ತೇನೆ. ಮುಚ್ಚುವ ಕೆಲಸದಲ್ಲಿ ಮಾತ್ರ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸುವುದು ಕಷ್ಟ.

ಮುಖದ ವಿಷಯ ಬೇಗ ಮುಗಿಯಿತು. ಮುಖದಲ್ಲಿ ಎಣ್ಣೆಯ ಗ್ರಂಥಿಗಳು ದಟ್ಟವಾಗಿವೆ; ಎರಡು ತಿಂಗಳು ಏನೂ ಹಚ್ಚದೆ, ಸೋಪನ್ನೂ ಬಿಟ್ಟು ಬರೀ ನೀರಿನಲ್ಲಿ ತೊಳೆದೆ, ಏನೂ ಆಗಲಿಲ್ಲ. ನನ್ನ ವಯಸ್ಸು 47, ಮುಟ್ಟು ನಿಂತ ಮೇಲೆ ಈ ಎಣ್ಣೆ ಕಡಿಮೆಯಾಗುವುದರಿಂದ ಆಗ ಮತ್ತೆ ನೋಡಬೇಕು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿದ ಮೇಲೆ ಕಾಲಿಗೂ ಬೇಡವಾಯಿತು. ನಮ್ಮ ಬೇಸಿಗೆಯ ಗಾಳಿ ಒಣಗಿದ್ದರೂ ಮೈ ಬೆವರುತ್ತದೆ, ಬೆವರಿನಲ್ಲಿಯೂ ನೀರು ಹಿಡಿಯುವ ಯೂರಿಯಾ ಮತ್ತು ಲ್ಯಾಕ್ಟೇಟ್ ಇರುತ್ತವೆ.

ವರ್ಷವಿಡೀ ಬೇಕಾಗಿರುವುದು ನನ್ನ ಕೈಗಳಿಗೆ. ಡ್ಯೂಟಿಯಲ್ಲಿ ಹತ್ತಾರು ಸಲ ಕೈ ತೊಳೆಯಬೇಕು, ಅಂಗೈಯಲ್ಲಿ ಎಣ್ಣೆಯ ಗ್ರಂಥಿಗಳೇ ಇಲ್ಲ. ಬೆರಳ ಸಂದುಗಳು ಒಡೆದಿದ್ದಾಗ ಸ್ಯಾನಿಟೈಸರ್ ಉರಿಯುತ್ತದೆ ಎಂದು ಅದನ್ನು ಬಿಟ್ಟು ಮತ್ತೆ ಮತ್ತೆ ಸೋಪಿಗೇ ಹೋಗಿ ಇನ್ನಷ್ಟು ಒಡೆಸಿಕೊಂಡೆ. ವಿಶ್ವ ಆರೋಗ್ಯ ಸಂಸ್ಥೆಯ ಸ್ಯಾನಿಟೈಸರ್ ಸೂತ್ರದಲ್ಲಿಯೇ ಚರ್ಮಕ್ಕಾಗಿ 1.45 ಶೇಕಡಾ ಗ್ಲಿಸರಿನ್ ಸೇರಿಸಲಾಗಿದೆ. ಕಣ್ಣಿಗೆ ಕಾಣುವ ಕೊಳೆ ಇಲ್ಲದಾಗ ಸೋಪಿಗಿಂತ ಅದೇ ಕೈಗೆ ಹಿತ. ಈಗ ಹಗಲು ನೀರಿನಂಶದ ಕ್ರೀಮ್, ರಾತ್ರಿ ಮಲಗುವಾಗ ಪೆಟ್ರೋಲಿಯಂ ಜೆಲ್ಲಿ ಹಚ್ಚುತ್ತೇನೆ. ಹಗಲಿನಲ್ಲಿ ಜೆಲ್ಲಿ ಹಚ್ಚಿದರೆ ಲ್ಯಾಟೆಕ್ಸ್ ಕೈಗವಸು ದುರ್ಬಲವಾಗುತ್ತದೆ ಎಂಬುದನ್ನು ನರ್ಸ್‌ಗಳು ಮರೆಯಬಾರದು. ಹಾಗೆಯೇ ಪ್ಯಾರಾಫಿನ್ ಅಥವಾ ಜಿಡ್ಡು ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ರೊಟ್ಟಿ ಬೇಯಿಸಲು ಒಲೆಯ ಮುಂದೆ ಕೂರುವವರು ಸೆರಗಿನ ಬಗ್ಗೆ ಎಚ್ಚರ ವಹಿಸಬೇಕು.

ವಾರ್ಡಿನಲ್ಲಿ ಈಗ ನಾನು ಮೊದಲು ಮಗುವಿನ ಮೊಣಕೈ ಮತ್ತು ಮೊಣಕಾಲಿನ ಮಡಿಕೆಗಳನ್ನು ನೋಡುತ್ತೇನೆ. ಎಕ್ಸಿಮಾ ಇದ್ದರೆ ಕ್ರೀಮ್ ಚಿಕಿತ್ಸೆಯ ಭಾಗವೇ ಆಗಿದ್ದು, ಜಿಪುಣತನ ಮಾಡದೆ ದಿನಾಲು ಹಚ್ಚಬೇಕು. ಚರ್ಮ ಚೆನ್ನಾಗಿರುವ ಕೂಸಿಗೆ, ಮುಂದೆ ಎಕ್ಸಿಮಾ ಬಾರದಿರಲಿ ಎಂದು ಮುಂಚಿತವಾಗಿ ಹಚ್ಚಿ ಎಂದು ಮೊದಲು ಹೇಳುತ್ತಿದ್ದೆ, ಈಗ ಹೇಳುವುದಿಲ್ಲ. ಮನೆತನದಲ್ಲಿ ಅಲರ್ಜಿ ಇದ್ದ 1394 ಶಿಶುಗಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ವರ್ಷವಿಡೀ ದಿನಾಲು ಹಚ್ಚಿದ ಗುಂಪಿನಲ್ಲಿ ಎರಡನೆಯ ವಯಸ್ಸಿಗೆ ಶೇ. 23 ಮಕ್ಕಳಿಗೆ ಎಕ್ಸಿಮಾ ಬಂದಿತ್ತು, ಹಚ್ಚದ ಗುಂಪಿನಲ್ಲಿ ಶೇ. 25, ಹೇಳಿಕೊಳ್ಳುವಂಥ ಅಂತರವಲ್ಲ. ಹಚ್ಚಿದವರಲ್ಲಿ ಚರ್ಮದ ಸೋಂಕು ತುಸು ಹೆಚ್ಚೇ ಇತ್ತು. ಕೂಲಿಯ ಹಣದಲ್ಲಿ ದುಬಾರಿ ಬೇಬಿ ಲೋಷನ್ ತಂದು ತೋರಿಸುವ ತಾಯಂದಿರಿಗೆ ಅದು ಬೇಡ ಎಂದು ಹೇಳಬೇಕಾದ ಹೊಣೆ ನನ್ನದು ಎಂದು ಈಗ ಅನಿಸುತ್ತದೆ.

ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇದೆ, ಹಿಮ್ಮಡಿಗಳು ಒಡೆದಿವೆ. ಈ ಚಳಿಗಾಲದಲ್ಲಿ ರಾತ್ರಿ ಅವರ ಪಾದಗಳನ್ನು ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು, ಒರೆಸಿ, ಹಸಿ ಆರುವ ಮೊದಲೇ ಹಿಮ್ಮಡಿಗೆ ಯೂರಿಯಾ ಇರುವ ಕ್ರೀಮ್ ಹಚ್ಚುತ್ತೇನೆ. ಬೆರಳ ಸಂದುಗಳಲ್ಲಿ ಹಸಿ ನಿಂತು ಬೂಷ್ಟು ಬೆಳೆಯಬಾರದೆಂದು ಅಲ್ಲಿ ಮಾತ್ರ ಹಚ್ಚುವುದಿಲ್ಲ. ಮೊಣಕಾಲಿನ ಕೆಳಗೆ ಕ್ರೀಮ್ ಬೇಡವೇ ಬೇಡ ಎಂಬ ಅವರ ಹಟ ಇನ್ನೂ ಹಾಗೆಯೇ ಇದೆ. ಅಲ್ಲಿಗೆ ಅವರೇ ಬಟ್ಟಲಿನಲ್ಲಿ ಕುಸುಬಿ ಎಣ್ಣೆ ತಂದುಕೊಂಡು, ಮೊದಲು ಎರಡು ಬೊಗಸೆ ನೀರು ಸುರಿದುಕೊಂಡು, "ಹಸೀ ಅದ, ಈಗ ಹಚ್ಚವ್ವ" ಎಂದು ಕಾಲು ಮುಂದೆ ಚಾಚುತ್ತಾರೆ.